ಉಂಗುರದಷ್ಟು ಜಾಗ

ಶಿರಸಿಯಲ್ಲಿ, ಸ್ವಂತ ಕೈಯಿಂದ ಯಂತ್ರ ಮಾಡುವವರ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ ಇದು. ಆಡುವಾಗ ಬಿಟ್ಟುಹೋದ ಒಂದೆರಡು ಸಂಗತಿ ಸೇರಿಸಿದ್ದೇನೆ, ಎಳೆದಾಡಿದ ಕಡೆ ಕತ್ತರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಪೇಟೆಂಟ್ ಅರ್ಜಿಯ ಪರೀಕ್ಷೆ ಹೇಗೆ ನಡೆಯುತ್ತದೆ ಹೇಳಿ ಅಂತ ನನ್ನನ್ನು ಕರೆದರು. ಉದಾಹರಣೆಗೆ ಅಡಿಕೆ ಸುಲಿಯುವ ಯಂತ್ರವನ್ನೇ ತೆಗೆದುಕೊಂಡರಾಯಿತು ಅಂತ ಮೊದಲು ಅಂದುಕೊಂಡಿದ್ದೆ. ಸಭೆಗೆ ಯಾರ್ಯಾರು ಬರುತ್ತಾರೆ ಅಂತ ಕೇಳಿದ ಮೇಲೆ ಕೈಬಿಟ್ಟೆ. ಇಲ್ಲಿ ಕೂತವರಲ್ಲಿ ಐದಾರು ಜನರ ಮನೆಯಲ್ಲಾದರೂ ಐದಾರು ನಮೂನೆಯ ಸುಲಿಯುವ ಯಂತ್ರ ಇದೆ. ಆ ಬ್ಲೇಡು ಮೊದಲು ಕೂರಿಸಿದ್ದು ಯಾರು ಅಂತ ಶುರುವಾದರೆ ಚಹಾ ಬಂದರೂ ಮುಗಿಯುವ ಮಾತಲ್ಲ. ಹಾಗಾಗಿ ಇಲ್ಲಿ ಯಾರೂ ಮಾಡದ, ಯಾರ ಅಭಿಮಾನವೂ ಅಂಟಿಕೊಳ್ಳದ ಒಂದು ವಸ್ತು ಆರಿಸಿಕೊಂಡೆ. ಔಷಧ ಕಾರ್ಖಾನೆಯಲ್ಲಿ ಸ್ಟೆರೈಲ್, ಅಂದರೆ ಸೂಕ್ಷ್ಮಾಣು ಇಲ್ಲದ, ಸಾಮಾನು ತುಂಬಿದ ಡಬ್ಬಿಯ ಬಾಗಿಲು.

ಇಂಜೆಕ್ಷನ್ ಬಾಟ್ಲಿಯ ಬಾಯಿಗೆ ಒಂದು ರಬ್ಬರ್ ಬಿರಡೆ ಇರುತ್ತದಲ್ಲ, ಅದನ್ನೇ ನೆನೆಸಿಕೊಳ್ಳಿ. ಔಷಧ ತುಂಬುವುದು ಗಾಜು ಮತ್ತು ಸ್ಟೀಲಿನ ದೊಡ್ಡ ಪೆಟ್ಟಿಗೆಯೊಳಗೆ, ಅದಕ್ಕೆ ಐಸೊಲೇಟರ್ ಅನ್ನುತ್ತಾರೆ. ಗೋಡೆಗೇ ಕೂಡಿಸಿದ ಉದ್ದ ಕೈಗವಸಿನೊಳಗೆ ಕೈ ತೂರಿಸಿ ಒಳಗಿನ ಕೆಲಸ ಮಾಡುತ್ತಾರೆ. ಒಳಗೆ ಒಂದು ಸೂಕ್ಷ್ಮಾಣು ಕೂಡ ಇರಬಾರದು. ಬಿರಡೆಗಳು ಬೇರೆಲ್ಲೋ ಸ್ಟೆರೈಲ್ ಆಗಿ, ಮುಚ್ಚಿದ ಡಬ್ಬಿಯಲ್ಲೋ ಚೀಲದಲ್ಲೋ ಬರುತ್ತವೆ. ಡಬ್ಬಿಯ ಒಳಗೂ ಶುದ್ಧ, ಪೆಟ್ಟಿಗೆಯ ಒಳಗೂ ಶುದ್ಧ. ನಡುವೆ ಇರುವುದು ನಾವು ನೀವು ಓಡಾಡುವ ಕೋಣೆಯ ಗಾಳಿ. ಈ ಗಾಳಿ ತಾಗದ ಹಾಗೆ ಬಿರಡೆಗಳು ಅದರಿಂದ ಇದಕ್ಕೆ ಹೋಗಬೇಕು.

ಅಪ್ಪೆಮಿಡಿ ಉಪ್ಪಿನಕಾಯಿಯನ್ನು ದೊಡ್ಡ ಭರಣಿಯಿಂದ ಸಣ್ಣ ಜಾಡಿಗೆ ತೆಗೆಯುವಾಗ ಮನೆಯಲ್ಲಿ ಎಷ್ಟು ಗದ್ದಲ ಅಂತ ನಿಮಗೆ ಗೊತ್ತು. ಸೌಟು ಒಣಗಿರಬೇಕು, ಬಟ್ಟೆ ಒಣಗಿರಬೇಕು, ಮಳೆಗಾಳಿ ಬೀಸುವಾಗ ಭರಣಿಯ ಬಾಯಿ ತೆಗೆಯಬಾರದು. ಇಷ್ಟಾದರೂ ಒಂದು ವರ್ಷ ಬೂಷ್ಟು ಬಂದೇ ಬರುತ್ತದೆ. ಉಪ್ಪಿನಕಾಯಿಯಾದರೆ ಮೇಲಿನ ಪದರ ತೆಗೆದು ಚೆಲ್ಲಿ ಉಳಿದದ್ದನ್ನು ಊಟಕ್ಕೆ ಬಡಿಸಬಹುದು. ರಕ್ತನಾಳಕ್ಕೆ ಹೋಗುವ ಔಷಧಕ್ಕೆ ಆ ಸೌಕರ್ಯ ಇಲ್ಲ.

ಇದಕ್ಕೆ ಪರಿಹಾರ ಹುಟ್ಟಿದ್ದು ಔಷಧ ಕಾರ್ಖಾನೆಯಲ್ಲಲ್ಲ, ಪರಮಾಣು ಪ್ರಯೋಗಾಲಯದಲ್ಲಿ. 1960ರ ದಶಕದಲ್ಲಿ ಫ್ರಾನ್ಸಿನಲ್ಲಿ ವಿಕಿರಣ ಸೂಸುವ ವಸ್ತುವನ್ನು ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಸಾಗಿಸಲು ಜೋಡಿ ಬಾಗಿಲಿನ ವ್ಯವಸ್ಥೆ ಮಾಡಿದರು. ಗೋಡೆಯ ಕಡೆಯದಕ್ಕೆ ಆಲ್ಫಾ ಬಾಗಿಲು, ಡಬ್ಬಿಯ ಕಡೆಯದಕ್ಕೆ ಬೀಟಾ ಬಾಗಿಲು ಅಂತ ಈಗ ಹೆಸರು. ನಮ್ಮ ಜಿಲ್ಲೆಯವರಿಗೆ ಪರಮಾಣು ಅಂದ ಕೂಡಲೇ ಕೈಗಾ ನೆನಪಾಗುತ್ತದೆ. ಅಲ್ಲಿ 220 ಮೆಗಾವಾಟಿನ ನಾಲ್ಕು ಘಟಕಗಳಿವೆ, ಅಲ್ಲಿ ಕೆಲಸ ಮಾಡಿದವರೂ ಈ ಸಭೆಯಲ್ಲಿದ್ದೀರಿ. ರಿಯಾಕ್ಟರ್ ಕಟ್ಟಡಕ್ಕೆ ಹೋಗುವ ಏರ್‌ಲಾಕ್ ನಿಮಗೆ ಗೊತ್ತು: ಎರಡು ಬಾಗಿಲು, ನಡುವೆ ಸಣ್ಣ ಕೋಣೆ, ಒಂದು ತೆರೆದಿರುವಾಗ ಇನ್ನೊಂದು ತೆರೆಯುವುದಿಲ್ಲ. ನಾನು ಹೇಳುವ ಬಾಗಿಲು ಅದಲ್ಲ. ಏರ್‌ಲಾಕಿನಲ್ಲಿ ನಡುವಿನ ಕೋಣೆಯ ಗಾಳಿ ಎರಡೂ ಕಡೆಯ ನೆಂಟ. ಇಲ್ಲಿ ನಡುವೆ ಕೋಣೆಯೇ ಇಲ್ಲ, ಎರಡು ಬಾಗಿಲೂ ಮುಖಕ್ಕೆ ಮುಖ ಅಂಟಿಕೊಂಡು ಒಂದೇ ಬಾಗಿಲಾಗಿ ತೆರೆಯುತ್ತವೆ.

ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ ಅಂತ ಸಾಮಾನು ತಂದಿದ್ದೆ. ಒಂದು ಥರ್ಮಾಕೋಲ್ ಪೆಟ್ಟಿಗೆ, ಅದರ ಒಂದು ಮಗ್ಗುಲಿಗೆ ದುಂಡಗೆ ಕೊರೆದ ತೂತು, ತೂತಿಗೆ ಬಿಗಿಯಾಗಿ ಕೂರುವ ಸ್ಟೀಲ್ ಮುಚ್ಚಳ. ಅದೇ ಅಳತೆಯ ಮುಚ್ಚಳ ಇರುವ ಒಂದು ಸ್ಟೀಲ್ ಡಬ್ಬಿ. ಪೆಟ್ಟಿಗೆಯೊಳಗೆ ಇಸ್ತ್ರಿ ಮಾಡಿದ ಬಿಳಿ ಕರವಸ್ತ್ರ ಹಾಸಿದ್ದೆ. ಎರಡೂ ಮುಚ್ಚಳಗಳ ಹೊರಮೈಗೆ ಎಲ್ಲರೆದುರೂ ಕುಂಕುಮ ಬಳಿದೆ. ಅದೇ ಕೋಣೆಯ ಕೊಳೆ ಅಂದುಕೊಳ್ಳಿ. ಡಬ್ಬಿಯನ್ನು ತಂದು ಮುಚ್ಚಳಕ್ಕೆ ಮುಚ್ಚಳ ಒತ್ತಿ ಹಿಡಿದೆ. ಎರಡೂ ಕುಂಕುಮದ ಮುಖ ಒಳಗೆ ಸಿಕ್ಕಿಕೊಂಡವು. ಮುಂದಿನ ಸಾಲಿನ ಹುಡುಗನೊಬ್ಬ ಪೆಟ್ಟಿಗೆಯ ಮೇಲಿಂದ ಕೈ ಹಾಕಿ ಜೋಡಿ ಮುಚ್ಚಳವನ್ನು ಒಟ್ಟಿಗೇ ಒಳಕ್ಕೆ ಎಳೆದುಕೊಂಡ. ಈಗ ಡಬ್ಬಿಯ ಒಳಗು, ಪೆಟ್ಟಿಗೆಯ ಒಳಗು ಒಂದೇ ಆಯಿತು. ಬಿರಡೆಗಳ ಬದಲು ಡಬ್ಬಿಯಲ್ಲಿಟ್ಟಿದ್ದ ಅಡಿಕೆಗಳನ್ನು ಕರವಸ್ತ್ರದ ಮೇಲೆ ಸುರಿದೆ. ಕೆಂಪು ಎಲ್ಲೂ ಕಾಣಲಿಲ್ಲ.

ಹಿಂದಿನ ಸಾಲಿನಿಂದ ಒಬ್ಬ ಅಮ್ಮ, ‘ತಮಾ, ಇದು ನಮ್ಮಜ್ಜಿ ಮಡಿ ಇದ್ದಾಂಗೇ ಇದ್ದಲಾ’ ಅಂದರು. ಸಭೆ ನಕ್ಕಿತು. ನಾನು ಹೌದು ಅಂದೆ, ಅಜ್ಜಿಯದು ಇದಕ್ಕಿಂತ ಬಿಗಿ ಇತ್ತು ಅಂತಲೂ ಅಂದೆ.

ನಿಜವಾದ ಯಂತ್ರದಲ್ಲಿ ಕೈಯಲ್ಲಿ ಒತ್ತಿ ಹಿಡಿಯುವುದಿಲ್ಲ. ಡಬ್ಬಿಯನ್ನು ಗೋಡೆಯ ಚೌಕಟ್ಟಿಗೆ ಕೂರಿಸಿ 60 ಡಿಗ್ರಿ ತಿರುಗಿಸುತ್ತಾರೆ, ಬಲ್ಬನ್ನು ಹೋಲ್ಡರಿಗೆ ಒತ್ತಿ ತಿರುಗಿಸಿದ ಹಾಗೆ. ಆ ಒಂದೇ ತಿರುವಿನಲ್ಲಿ ಮೂರು ಕೆಲಸ ಆಗುತ್ತದೆ. ಡಬ್ಬಿ ಗೋಡೆಗೆ ಕಚ್ಚಿಕೊಳ್ಳುತ್ತದೆ, ಬೀಟಾ ಬಾಗಿಲು ಆಲ್ಫಾ ಬಾಗಿಲಿಗೆ ಕಚ್ಚಿಕೊಳ್ಳುತ್ತದೆ, ಬೀಟಾ ಬಾಗಿಲು ತನ್ನ ಡಬ್ಬಿಯಿಂದ ಬಿಡಿಸಿಕೊಳ್ಳುತ್ತದೆ. ಡಬ್ಬಿ ಕೂರದೆ ಆಲ್ಫಾ ತೆರೆಯದ ಹಾಗೆ, ಬಾಗಿಲು ಮುಚ್ಚದೆ ಡಬ್ಬಿ ಕಳಚದ ಹಾಗೆ ಇಂಟರ್‌ಲಾಕ್ ಇರುತ್ತದೆ. 105, 190, 270 ಮಿಲಿಮೀಟರ್ ಹೀಗೆ ಗೊತ್ತಾದ ಅಳತೆಗಳಿವೆ. ಪರಮಾಣು ಪೆಟ್ಟಿಗೆಯಲ್ಲಿ ಒಳಗಿನದು ಹೊರಗೆ ಬರಬಾರದು, ಅದಕ್ಕೆ ಒಳಗಿನ ಗಾಳಿಯ ಒತ್ತಡ ಹೊರಗಿಗಿಂತ ಕಮ್ಮಿ ಇಡುತ್ತಾರೆ. ಔಷಧದ ಪೆಟ್ಟಿಗೆಯಲ್ಲಿ ಹೊರಗಿನದು ಒಳಗೆ ಬರಬಾರದು, ಒತ್ತಡ ಸಾಮಾನ್ಯವಾಗಿ ಜಾಸ್ತಿ ಇಡುತ್ತಾರೆ. ಭಯ ತಿರುವುಮುರುವಾದರೂ ಬಾಗಿಲು ಅದೇ. ಪರೀಕ್ಷೆಯ ಹೊತ್ತಿಗೆ ಈ ಸಂಗತಿ ತಿರುಗಿ ಬಂದು ಕಚ್ಚುತ್ತದೆ, ಆಗ ಹೇಳುತ್ತೇನೆ.

ಅಷ್ಟರಲ್ಲಿ ಮುಚ್ಚಳ ಎಳೆದ ಹುಡುಗ ಅದನ್ನು ಕಣ್ಣ ಹತ್ತಿರ ಹಿಡಿದು ನೋಡುತ್ತಿದ್ದ. ‘ಸರ್, ಅಂಚಲ್ಲಿ ಕೆಂಪು ಗೆರೆ ಇದೆ’ ಅಂದ. ನನಗೆ ಬೇಕಾಗಿದ್ದೂ ಅದೇ. ಎರಡು ಮುಚ್ಚಳ ಕೂಡುವ ಸುತ್ತಂಚಿನಲ್ಲಿ ಕೂದಲೆಳೆಯಷ್ಟು ಕುಂಕುಮ ಹೊರಗಿಣುಕಿತ್ತು. ಮುಚ್ಚಳ ಕಳಚಿದ ತೂತಿನ ಅಂಚಿನಲ್ಲೂ ಅಂಥದ್ದೇ ಗೆರೆ. ಬೆರಳು ತಾಗಿಸಿದರೆ ಬೆರಳು ಕೆಂಪು. ಈ ಕ್ಷೇತ್ರದವರು ಇದನ್ನು ಆತಂಕದ ಉಂಗುರ ಅಂತಲೇ ಕರೆಯುತ್ತಾರೆ. ಗ್ಯಾಸ್ಕೆಟ್‌ಗೆ ಗ್ಯಾಸ್ಕೆಟ್ ಎಷ್ಟೇ ನುಣುಪಾಗಿ ಕೂಡಿದರೂ ಅವು ಕೂಡುವ ಗೆರೆ ಅಂತ ಒಂದು ಇದ್ದೇ ಇರುತ್ತದೆ. ಬಿರಡೆ ಸುರಿಯುವಾಗ ಅಲ್ಲಿಗೆ ತಾಗದಿರಲಿ ಅಂತ ಆ ಬಾಯಿಗೆ ಒಳಗಿನಿಂದ ಲಾಳಿಕೆಯಂಥದ್ದನ್ನು ಚಾಚುತ್ತಾರೆ. ಜೋಡಿ ಬಾಗಿಲು ಬಂದು ಅರ್ಧ ಶತಮಾನ ಕಳೆದ ಮೇಲೂ ಹೊಸ ಅರ್ಜಿಗೆ ಜಾಗ ಉಳಿದಿದ್ದರೆ ಅಂಥದ್ದು ಈ ಉಂಗುರದ ಸುತ್ತಮುತ್ತಲೇ.

ಇನ್ನು ಅರ್ಜಿ. ಇದು ನನ್ನ ಕಲ್ಪನೆಯ ಅರ್ಜಿ, ಯಾರದ್ದೂ ಅಲ್ಲ. ನಮ್ಮ ಕಡೆಯ ಒಬ್ಬ ಫಿಟ್ಟರ್ ಔಷಧ ಕಾರ್ಖಾನೆಯಲ್ಲಿ ಹತ್ತು ವರ್ಷ ದುಡಿದು ಬಂದಿದ್ದಾನೆ ಅಂದುಕೊಳ್ಳಿ. ಬೀಟಾ ಬಾಗಿಲಿನ ಗ್ಯಾಸ್ಕೆಟ್‌ಗೆ ಅವನು ಒಂದು ತೆಳು ತುಟಿ ಕೊಟ್ಟ. ಬಾಗಿಲು ಕೂಡಿದಾಗ ಆ ತುಟಿ ಎದುರಿನ ಗ್ಯಾಸ್ಕೆಟ್‌ನ ಅಂಚಿನ ಮೇಲೆ ಮಗುಚಿಕೊಂಡು ಕೆಂಪು ಗೆರೆಯನ್ನು ಹೊದಿಸಿಬಿಡುತ್ತದೆ. ಒಳ್ಳೆಯ ಉಪಾಯ. ಕರ್ನಾಟಕದವರ ಅರ್ಜಿ ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುತ್ತದೆ, ಆನ್‌ಲೈನಿನಲ್ಲೇ ಹಾಕಬಹುದು. ವ್ಯಕ್ತಿಯಾಗಿ ಹಾಕಿದರೆ ಅರ್ಜಿಗೆ 1,600 ರೂಪಾಯಿ, ಪರೀಕ್ಷೆಗೆ ಇನ್ನೂ 4,000. ಇದನ್ನು ಬಿಡಿಸಿ ಹೇಳುವುದಕ್ಕೆ ಕಾರಣ ಇದೆ. ಅರ್ಜಿ ಹಾಕಿದ ಮಾತ್ರಕ್ಕೆ ಪರೀಕ್ಷೆ ತಾನಾಗಿ ನಡೆಯುವುದಿಲ್ಲ, ಪರೀಕ್ಷೆ ಮಾಡಿ ಅಂತ ಬೇರೆಯೇ ಕೇಳಿಕೊಳ್ಳಬೇಕು. ಮೊದಲು ಅದಕ್ಕೆ 48 ತಿಂಗಳು ಅವಕಾಶ ಇತ್ತು, 2024ರ ನಿಯಮದಲ್ಲಿ 31 ತಿಂಗಳಿಗೆ ಇಳಿಸಿದರು. ಅದೂ ಕಳೆದರೆ ಅರ್ಜಿಯನ್ನು ವಾಪಸು ತೆಗೆದುಕೊಂಡಂತೆ ಲೆಕ್ಕ. ಫೈಲು ಚೆನ್ನೈಯಲ್ಲಿದೆಯಲ್ಲ, ಆಗುತ್ತದೆ ಬಿಡಿ ಅಂತ ಕೂತು ಕಳಕೊಂಡವರನ್ನು ನಾನು ನೋಡಿದ್ದೇನೆ.

ಪರೀಕ್ಷಕ ಮೊದಲು ನೋಡುವುದು ಕ್ಲೇಮು. ಕ್ಲೇಮು ಅಂದರೆ ನಿಮ್ಮ ಜಾಗದ ಬೇಲಿ. ಇಷ್ಟು ನನ್ನದು, ಇದರಾಚೆ ಊರಿನದು ಅಂತ ಒಂದೇ ವಾಕ್ಯದಲ್ಲಿ ಬೇಲಿ ಹಾಕಬೇಕು. ನಮ್ಮ ಫಿಟ್ಟರ್ ಬರೆದದ್ದು ಇಷ್ಟು: ‘ಗೋಡೆಯ ಚೌಕಟ್ಟು, ಅದರ ಬಾಗಿಲು, ಡಬ್ಬಿಯ ಚೌಕಟ್ಟು, ಅದರ ಬಾಗಿಲು, ತಿರುಗಿಸಿದಾಗ ಕಚ್ಚಿಕೊಳ್ಳುವ ಹಲ್ಲುಗಳು ಇರುವ ವ್ಯವಸ್ಥೆ, ಇದರಲ್ಲಿ ವಿಶೇಷವೆಂದರೆ ಡಬ್ಬಿಯ ಬಾಗಿಲಿನ ಗ್ಯಾಸ್ಕೆಟ್‌ಗೆ ಒಂದು ತುಟಿ ಇದೆ.’ ಅರ್ಧ ಎಕರೆ ತೋಟಕ್ಕೆ ಇಡೀ ಊರಿನ ಬೇಲಿ.

ಇದು ಮೊದಲೇ ಎಲ್ಲಾದರೂ ಇತ್ತೇ ಅಂತ ಪರೀಕ್ಷಕ ಹುಡುಕಲು ಹೊರಡುತ್ತಾನೆ. ಎಲ್ಲಿ ಹುಡುಕುತ್ತಾನೆ? ಜಗತ್ತಿನ ಪೇಟೆಂಟ್‌ಗಳನ್ನೆಲ್ಲ ವಿಷಯವಾರು ವಿಂಗಡಿಸಿ ಸಂಕೇತ ಕೊಟ್ಟಿದ್ದಾರೆ. ಕೈಗವಸಿನ ಪೆಟ್ಟಿಗೆಗಳು ಬಿ25ಜೆ ಅನ್ನುವ ವರ್ಗದಲ್ಲಿವೆ, ಫಿಟ್ಟರ್‌ಗೆ ಅದು ಗೊತ್ತಿತ್ತು, ಅಲ್ಲಿ ತಾನೇ ಹುಡುಕಿಯೂ ಇದ್ದ. ಆದರೆ ಜೋಡಿ ಬಾಗಿಲಿನ ಹಳೆಯ ಕಾಗದಗಳು ಬಹಳಷ್ಟು ಇರುವುದು ಜಿ21ಎಫ್‌ನಲ್ಲಿ, ಅದು ವಿಕಿರಣದಿಂದ ರಕ್ಷಣೆಯ ವರ್ಗ. ಔಷಧದವನು ಅತ್ತ ತಲೆ ಹಾಕುವುದಿಲ್ಲ, ಪರೀಕ್ಷಕ ಹಾಕುತ್ತಾನೆ. ‘ಅದು ಪರಮಾಣುವಿನದು, ನನ್ನದು ಔಷಧದ್ದು’ ಅನ್ನುವ ವಾದ ನಡೆಯುವುದಿಲ್ಲ. ಕ್ಲೇಮಿನಲ್ಲಿ ಔಷಧ ಎಂಬ ಪದವೇ ಇಲ್ಲ, ಇದ್ದರೂ ಬಾಗಿಲು ಅದೇ ಬಾಗಿಲು. ಪರಮಾಣು ಅಂದ ಮೇಲೆ ಇನ್ನೊಂದು ಹೆದರಿಕೆಯನ್ನೂ ತೆಗೆದುಬಿಡುತ್ತೇನೆ. ಪರಮಾಣು ಶಕ್ತಿಗೆ ಸಂಬಂಧಿಸಿದ ಆವಿಷ್ಕಾರದ ಪೇಟೆಂಟಿಗೆ ನಮ್ಮ ಕಾಯ್ದೆಯ 4ನೇ ಕಲಮಿನಲ್ಲಿ ತಡೆ ಇದೆ. ಗ್ಯಾಸ್ಕೆಟ್‌ನ ತುಟಿಗೆ ಆ ಕಲಮು ತಟ್ಟುತ್ತದೆ ಅಂತ ನನಗನಿಸುವುದಿಲ್ಲ, ಆದರೆ ಅರ್ಜಿಯಲ್ಲಿ ‘ಅಣುಸ್ಥಾವರಕ್ಕೂ ಆಗುತ್ತದೆ’ ಅಂತ ಉತ್ಸಾಹಕ್ಕೆ ಬಿದ್ದು ಬರೆಯಬೇಡಿ.

ಪರೀಕ್ಷಕನ ಮೊದಲ ವರದಿ ಬಂತು. ನಾವು ಎಫ್‌ಇಆರ್ ಅನ್ನುತ್ತೇವೆ. ಊರಿನ ಜನ ಅದನ್ನು ನೋಡಿದ ಕೂಡಲೇ ಅರ್ಜಿ ಬಿದ್ದುಹೋಯಿತು ಅಂತ ತಿಳಿಯುತ್ತಾರೆ. ಬಿದ್ದಿಲ್ಲ, ಮಾತು ಈಗ ಶುರುವಾಗಿದೆ ಅಷ್ಟೇ. ಆಕ್ಷೇಪ ಇಲ್ಲದ ವರದಿ ಬಂದರೆ ನನಗೆ ಹೆದರಿಕೆ, ಬೇಲಿ ತೀರಾ ಒಳಗೆ ಹಾಕಿಕೊಂಡೆವೇನೋ ಅಂತ. ಉತ್ತರಕ್ಕೆ ಆರು ತಿಂಗಳು, ಕೇಳಿಕೊಂಡರೆ ಇನ್ನೂ ಮೂರು.

ನಮ್ಮ ಫಿಟ್ಟರ್‌ನ ವರದಿಯಲ್ಲಿ ಎರಡು ಹಳೆಯ ದಾಖಲೆ ಇದ್ದವು ಅಂತಿಟ್ಟುಕೊಳ್ಳಿ. ಒಂದು ಪರಮಾಣು ಪೆಟ್ಟಿಗೆಯ ಜೋಡಿ ಬಾಗಿಲು: ಚೌಕಟ್ಟು, ಹಲ್ಲು, ತಿರುವು ಎಲ್ಲ ಇದೆ, ತುಟಿ ಮಾತ್ರ ಇಲ್ಲ. ಇನ್ನೊಂದು ಅಡುಗೆಯ ಪ್ರೆಶರ್ ಪಾತ್ರೆಯ ಗ್ಯಾಸ್ಕೆಟ್: ಅದರಲ್ಲಿ ತುಟಿ ಇದೆ. ಒಂದೇ ದಾಖಲೆಯಲ್ಲಿ ಎಲ್ಲವೂ ಸಿಗದ ಕಾರಣ ಹೊಸತನ ಉಳಿಯಿತು. ಆದರೆ ಪರೀಕ್ಷಕನ ಎರಡನೆಯ ಪ್ರಶ್ನೆ ಗಟ್ಟಿ. ಈ ಕಸುಬು ಬಲ್ಲವನೊಬ್ಬ ಮೊದಲನೆಯದನ್ನು ಕೈಯಲ್ಲಿ ಹಿಡಿದು, ಎರಡನೆಯದನ್ನು ನೋಡಿ, ತಾನೇ ತುಟಿ ಹಚ್ಚುತ್ತಿರಲಿಲ್ಲವೇ?

ಈ ಪ್ರಶ್ನೆಗೆ ನಮ್ಮ ದೇಶದಲ್ಲಿ ಒಂದು ಹಳೆಯ ಮೊಕದ್ದಮೆಯ ನೆರಳಿದೆ, ನಿಮ್ಮಂಥವರು ಕೇಳಲೇಬೇಕಾದದ್ದು. ಮಿರ್ಜಾಪುರದಲ್ಲಿ ಹಿತ್ತಾಳೆ ಪಾತ್ರೆಗಳನ್ನು ಲೇತಿಗೆ ಕೂರಿಸಿ ನುಣುಪು ಮಾಡುತ್ತಿದ್ದರು. ಪಾತ್ರೆ ಒಂದೇ ಕಡೆ ಹಿಡಿತದಲ್ಲಿದ್ದ ಕಾರಣ ಜೋರಾಗಿ ತಿರುಗುವಾಗ ಹಾರಿಹೋಗಿ ಕೆಲಸಗಾರರಿಗೆ ಪೆಟ್ಟಾಗುತ್ತಿತ್ತು. ಇನ್ನೊಂದು ತುದಿಯಿಂದ ಚೂಪು ಮೊನೆಯ ಸ್ಪಿಂಡಲ್ ಒತ್ತಿ ಹಿಡಿಯುವ ಉಪಾಯಕ್ಕೆ 1951ರಲ್ಲಿ ಪೇಟೆಂಟ್ ಕೇಳಿದರು, ಸಿಕ್ಕಿತು ಕೂಡ. ಬಿಶ್ವನಾಥ್ ಪ್ರಸಾದ್ ರಾಧೇಶ್ಯಾಮ್ ಮೊಕದ್ದಮೆ ಅಂತ ಅದು ಸುಪ್ರೀಂ ಕೋರ್ಟಿನವರೆಗೆ ಹೋಗಿ, 1978ರಲ್ಲಿ ತೀರ್ಪು ಬಂತು. ಇದು ವರ್ಕ್‌ಶಾಪಿನ ಸುಧಾರಣೆ, ಆವಿಷ್ಕಾರ ಅಲ್ಲ ಅಂತ ಪೇಟೆಂಟ್ ಬಿತ್ತು. ಲೇತಿನ ಹಿಂತುದಿಯಲ್ಲಿ ಒತ್ತಿ ಹಿಡಿಯುವುದು ಲೇತ್ ಬಲ್ಲವನಿಗೆ ಗೊತ್ತಿದ್ದದ್ದೇ. ಜನರ ಕೈ ಉಳಿಸಿದ ಉಪಾಯವಲ್ಲವೇ ಅಂತ ನನಗೂ ಮೊದಲ ಸಲ ಓದಿದಾಗ ಕಸಿವಿಸಿಯಾಗಿತ್ತು. ಈಗಲೂ ಸ್ವಲ್ಪ ಇದೆ. ಆದರೆ ಉಪಯೋಗ ಇದೆಯೇ ಅನ್ನುವುದು ಬೇರೆ ಪ್ರಶ್ನೆ, ಪಕ್ಕದ ವರ್ಕ್‌ಶಾಪಿನವನಿಗೂ ಹೊಳೆಯುತ್ತಿತ್ತೇ ಅನ್ನುವುದು ಬೇರೆ ಪ್ರಶ್ನೆ. ನಮ್ಮ ಅಡಿಕೆ ಯಂತ್ರದವರು ಇವೆರಡನ್ನು ಕಲಸಿಬಿಡುತ್ತಾರೆ, ‘ಇದರಿಂದ ಎಷ್ಟು ಆಳು ಉಳಿಯಿತು ಗೊತ್ತಾ’ ಅಂತ ಉತ್ತರ ಬರೆಯುತ್ತಾರೆ. ಕಾಯ್ದೆ ತಾಂತ್ರಿಕ ಮುನ್ನಡೆಯ ಜೊತೆಗೆ ಆರ್ಥಿಕ ಮಹತ್ವವನ್ನೂ ಹೆಸರಿಸುತ್ತದೆ, ಸರಿ. ಆದರೆ ಅದೇ ವಾಕ್ಯದ ಕೊನೆಯಲ್ಲಿ, ಕಸುಬು ಬಲ್ಲವನಿಗೆ ಸುಲಭವಾಗಿ ಹೊಳೆಯದಂಥದ್ದು ಆಗಿರಬೇಕು ಅಂತಲೂ ಇದೆ. ಅದನ್ನು ದಾಟದೆ ಗತಿಯಿಲ್ಲ.

ಹಾಗಾದರೆ ನಮ್ಮ ಫಿಟ್ಟರ್‌ಗೆ ಏನು ಉಳಿಯಿತು? ಅವನನ್ನು ಕೂರಿಸಿ ಕೇಳಿದೆ ಅಂತಿಟ್ಟುಕೊಳ್ಳಿ: ಕುಕ್ಕರಿನ ತುಟಿಯನ್ನೇ ತಂದು ಇಲ್ಲಿ ಹಚ್ಚಿದರೆ ಆಗುತ್ತದೆಯೇ? ಅವನು ನಕ್ಕುಬಿಟ್ಟ. ‘ಎಲ್ಲಿ ಆಗ್ತದೆ ಸರ್? ಡಬ್ಬಿ ತಿರುಗಿಸಬೇಕಲ್ಲ. ತಿರುಗುವಾಗ ತುಟಿ ಉಜ್ಜಿ ಮಡಚಿ ಹೋಗ್ತದೆ. ಮೂರು ಸಲಕ್ಕೆ ಹರೀತದೆ, ರಬ್ಬರ್ ಪುಡಿ ಒಳಗೆ ಬೀಳ್ತದೆ. ಅದಕ್ಕೇ ನಾನು ಹಲ್ಲಿಗೆ ಇಳಿಜಾರು ಕೊಟ್ಟಿದ್ದು. ಮುಕ್ಕಾಲು ತಿರುವು ಆಗುವ ತನಕ ಬಾಗಿಲು ತಾಗೋದೇ ಇಲ್ಲ. ಕೊನೆಯ ಹತ್ತು ಡಿಗ್ರಿಯಲ್ಲಿ ಮಾತ್ರ ಒತ್ತುತ್ತದೆ.’

ಇದು ಆವಿಷ್ಕಾರ! ತುಟಿ ಅಲ್ಲ. ತುಟಿ ಬದುಕುವ ಹಾಗೆ ತಿರುವನ್ನು ಎರಡು ಭಾಗ ಮಾಡಿದ್ದು. ಕುಕ್ಕರಿನ ದಾಖಲೆ ನೋಡಿದವನಿಗೆ ಈ ತೊಂದರೆ ಇದೆ ಅಂತಲೇ ಗೊತ್ತಾಗುವುದಿಲ್ಲ, ಪರಿಹಾರ ದೂರದ ಮಾತು. ಪರೀಕ್ಷಕನಿಗೆ ಕೊಡಬೇಕಾದ ಉತ್ತರ ಇದೇ.

ಅರ್ಜಿ ತಿರುವಿ ನೋಡಿದರೆ ಇಳಿಜಾರಿನ ಬಗ್ಗೆ ಒಂದು ಅಕ್ಷರ ಇಲ್ಲ. ಅವನಿಗದು ಹೇಳುವಂಥದ್ದು ಅನ್ನಿಸಲೇ ಇಲ್ಲ, ಅದು ಅವನ ಕೈಗೆ ಅಷ್ಟು ಸಹಜ. ಕೈಗಾರಿಕೆ ಬಲ್ಲವರೆಲ್ಲ ಇಲ್ಲೇ ಎಡವುತ್ತಾರೆ. ಕಷ್ಟಪಟ್ಟು ಕಂಡುಹಿಡಿದದ್ದನ್ನು ಇದರಲ್ಲೇನಿದೆ ಅಂತ ಬಿಟ್ಟು, ಬಾಗಿಲಿನ ಬಣ್ಣದ ಬಗ್ಗೆ ಎರಡು ಪುಟ ಬರೆಯುತ್ತಾರೆ. ನಮ್ಮ ಕಾಯ್ದೆಯ 59ನೇ ಕಲಮಿನ ಪ್ರಕಾರ, ಹಾಕಿದ ದಿನ ಕಾಗದದಲ್ಲಿ ಇಲ್ಲದ್ದನ್ನು ಆಮೇಲೆ ಸೇರಿಸುವಂತಿಲ್ಲ. ಬೇಲಿಯನ್ನು ಒಳಕ್ಕೆ ಸರಿಸಬಹುದು, ಹೊರಕ್ಕೆ ಸರಿಸುವಂತಿಲ್ಲ.

ಕೊನೆಗೆ ಅವನನ್ನು ಉಳಿಸಿದ್ದು ನಾಲ್ಕನೆಯ ಚಿತ್ರ. ಡ್ರಾಯಿಂಗ್ ಹಾಕಿದ ಹುಡುಗ ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದ. ಹಲ್ಲಿನ ಅಡ್ಡಕೊಯ್ತದಲ್ಲಿ ಮೊದಲು ಸಮತಲ, ಆಮೇಲೆ ಇಳಿಜಾರು ಸ್ಪಷ್ಟವಾಗಿ ಕಾಣುತ್ತಿತ್ತು. ಚಿತ್ರವೂ ವಿವರಣಾಪತ್ರದ ಭಾಗವೇ. ಆ ಆಕಾರವನ್ನು ಕ್ಲೇಮಿಗೆ ತರಬಹುದು ಅಂತ ವಾದಿಸಲು ದಾರಿ ಸಿಕ್ಕಿತು. ಆದರೆ ‘ಹತ್ತು ಡಿಗ್ರಿ’ ಚಿತ್ರದಲ್ಲಿ ಬರೆದಿರಲಿಲ್ಲ, ಅದು ಹೋಯಿತು. ಎಷ್ಟು ಡಿಗ್ರಿ ಎಂಬುದರಲ್ಲೇ ಅವನ ಎರಡು ವರ್ಷದ ಕೆಲಸ ಇತ್ತು.

ಪರೀಕ್ಷಕ ಒಪ್ಪದಿದ್ದರೆ ಕಂಟ್ರೋಲರ್, ಅಂದರೆ ಪೇಟೆಂಟ್ ಕಚೇರಿಯಲ್ಲಿ ತೀರ್ಮಾನ ಕೊಡುವ ಅಧಿಕಾರಿಯ ಎದುರು ವಿಚಾರಣೆ ಇರುತ್ತದೆ. ಈಗ ವಿಡಿಯೊದಲ್ಲೇ ನಡೆಯುತ್ತದೆ, ಚೆನ್ನೈಗೆ ಬಸ್ಸು ಹತ್ತಬೇಕಾಗಿಲ್ಲ. ಜುಲೈ ತಿಂಗಳಲ್ಲಿ ಶಿರಸಿಯಿಂದ ವಿಚಾರಣೆಗೆ ಕೂರುವವರು ಕರೆಂಟಿಗೂ ನೆಟ್‌ವರ್ಕಿಗೂ ಬೇರೆ ವ್ಯವಸ್ಥೆ ಮಾಡಿಕೊಳ್ಳಿ, ನಾನೊಮ್ಮೆ ವಾದದ ನಡುವೆ ಮಾಯವಾಗಿದ್ದೆ. ಮುಗಿದ ಮೇಲೆ ಲಿಖಿತ ಉತ್ತರಕ್ಕೆ 15 ದಿನ. ಪೇಟೆಂಟ್ ಸಿಕ್ಕರೆ ಅರ್ಜಿ ಹಾಕಿದ ದಿನದಿಂದ 20 ವರ್ಷ, ವರ್ಷ ವರ್ಷ ಶುಲ್ಕ ಕಟ್ಟುತ್ತಿದ್ದರೆ.

ಪ್ರಶ್ನೆಗಳಲ್ಲಿ ಹೆಚ್ಚಿನವು ಹಣದ ಬಗ್ಗೆ ಇದ್ದವು, ಬಿಡುತ್ತೇನೆ. ಒಬ್ಬರು ಕೇಳಿದ್ದು ಬರೆಯಬೇಕು: ಮೇಳದಲ್ಲಿ ಯಂತ್ರ ತೋರಿಸಿ, ಜನ ಮೆಚ್ಚಿದರೆ ಆಮೇಲೆ ಅರ್ಜಿ ಹಾಕಿದರಾಗದೇ? ಆಗದು, ಒಮ್ಮೆ ಜನರಿಗೆ ತೋರಿಸಿದ ಮೇಲೆ ಅದು ಹೊಸತಾಗಿ ಉಳಿಯುವುದಿಲ್ಲ. ಸರ್ಕಾರ ಗೆಜೆಟ್‌ನಲ್ಲಿ ಹೆಸರಿಸಿದ ಪ್ರದರ್ಶನ ಅಥವಾ ವಿದ್ವತ್ ಸಂಸ್ಥೆಯಲ್ಲಿ ಓದಿದ ಪ್ರಬಂಧದಂಥ ಕೆಲವಕ್ಕೆ ಮಾತ್ರ 12 ತಿಂಗಳ ವಿನಾಯಿತಿ. ನಮ್ಮೂರ ಮೇಳ ಅದರಲ್ಲಿ ಬರುತ್ತದೆ ಅಂತ ನಂಬಿ ಕೂರಬೇಡಿ. ಸಿದ್ದಾಪುರ ಕಡೆಯ ನನ್ನ ಸ್ನೇಹಿತನೊಬ್ಬ ಅಡಿಕೆ ಕೊನೆ ಕೊಯ್ಯುವ ಸಾಧನ ಮಾಡಿ, ಮಗನ ಕೈಯಲ್ಲಿ ವಿಡಿಯೊ ಮಾಡಿಸಿ ಹರಿಬಿಟ್ಟಿದ್ದ. ಎಂಟು ತಿಂಗಳ ಮೇಲೆ ಅರ್ಜಿ ಹಾಕಿದ. ವರದಿಯಲ್ಲಿ ಎದುರು ಬಂದ ಮೊದಲ ದಾಖಲೆ ಅದೇ ವಿಡಿಯೊ. ಅದರಲ್ಲಿ ಅವನೇ ನಿಂತು, ಪ್ರತಿ ಸ್ಕ್ರೂ ತೋರಿಸಿ, ಚೆನ್ನಾಗಿ ವಿವರಿಸಿದ್ದಾನೆ.

ಸಭೆ ಮುಗಿದು ಚಹಾ ಕುಡಿಯುತ್ತಿದ್ದಾಗ ವಯಸ್ಸಾದ ಒಬ್ಬರು ಕುಂಕುಮದ ಮುಚ್ಚಳಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಅಂಗಿಯ ಜೇಬಿಗೆ ಕೈ ಹಾಕಿ, ಕಾಗದದಲ್ಲಿ ಸುತ್ತಿದ ಕಪ್ಪು ರಬ್ಬರಿನ ತುಂಡೊಂದನ್ನು ಹೊರಗೆ ತೆಗೆದರು. ‘ಇದು ನನ್ನ ಸುಲಿಯುವ ಯಂತ್ರದ್ದು. ಇದರ ಹಲ್ಲು ನೋಡಿ, ಇಷ್ಟು ದಿನ ಯಾರಿಗೂ ತೋರಿಸಿಲ್ಲ’ ಅಂದರು.

ಮೊದಲು ಜೇಬಿಗೆ ಹಾಕಿ ಅಂದೆ. ಸುತ್ತ ಹತ್ತು ಜನ ಬಗ್ಗಿ ನೋಡುತ್ತಿದ್ದರು, ಒಬ್ಬನ ಕೈಯಲ್ಲಿ ಮೊಬೈಲು ಇತ್ತು.